ಬಂಡೆ ಕ್ಯಾಂಪ್ ಜಲಾಶಯದ ಇಂದಿನ ಮಟ್ಟ

ಹರಿಹರ ತಾಲ್ಲೂಕು ಬಂಡೆ ಕ್ಯಾಂಪಿನ ಗುಡ್ಡದ ಮೇಲೆ ಹದಿನೆಂಟು ವರ್ಷಗಳಿಂದ ನಡೆಯುತ್ತಿದ್ದ ಕಲ್ಲು ಕ್ವಾರಿಯು ಫೆಬ್ರುವರಿ ತಿಂಗಳ ಮೊದಲ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ಜಾರಿಗೆ ಬರುವಂತೆ ಜಲಾಶಯವಾಯಿತು. ಹತ್ತು ಗಂಟೆ ಐವತ್ತೊಂಬತ್ತು ನಿಮಿಷದವರೆಗೆ ಅದು ಕ್ವಾರಿಯೇ ಆಗಿತ್ತು. ಹನ್ನೊಂದಕ್ಕೆ ಗುಡ್ಡದಲ್ಲಿ ಯಾವ ಸದ್ದೂ ಆಗಲಿಲ್ಲ, ಒಂದು ಹನಿ ನೀರೂ ಕಾಣಲಿಲ್ಲ. ಬದಲಾವಣೆ ನಡೆದದ್ದು ದಾವಣಗೆರೆಯಲ್ಲಿ, ಮಂಡಿಪೇಟೆಯ ಒಣಮೆಣಸಿನಕಾಯಿ ಸಗಟು ಅಂಗಡಿಯ ಮಹಡಿಯ ಮೇಲಿದ್ದ ‘ಭವಿಷ್ಯದ ಜಲಾಶಯಗಳ ಅನುಷ್ಠಾನ ಘಟಕ’ ಎಂಬ ಕಚೇರಿಯಲ್ಲಿ.

ಉಚ್ಚೆಂಗಪ್ಪನಿಗೆ ಇದು ಗೊತ್ತಾದದ್ದು ಮಧ್ಯಾಹ್ನ ಒಂದು ಗಂಟೆಗೆ. ಹದಿನೆಂಟು ವರ್ಷ ಅವನ ಕೆಲಸ ಒಂದೇ: ಬಂಡೆಗೆ ಮದ್ದು ಸಿಡಿಸುವ ಮುನ್ನ ಸೀಟಿ ಊದಿ, ಕೆಂಪು ಬಾವುಟ ಬೀಸಿ, ಜನರನ್ನೂ ಆಡುಗಳನ್ನೂ ದೂರ ಓಡಿಸುವುದು. ಅಂದು ಬಾವುಟ ಎತ್ತಿದ ಕೈ ಎತ್ತಿದ ಹಾಗೇ ಇರುವಾಗ ಕ್ವಾರಿಯ ಮಾಲೀಕರಾದ ಕುಬೇರಪ್ಪನವರು ಕಾರಿನಿಂದಿಳಿದು, “ಬಾವುಟ ಇಳ್ಸೋ ಉಚ್ಚೆಂಗಪ್ಪ. ಇದು ಕ್ವಾರಿ ಅಲ್ಲ, ಡ್ಯಾಮು” ಎಂದರು.

ಉಚ್ಚೆಂಗಪ್ಪ ಕೆಳಗೆ ಗುಂಡಿಯನ್ನು ನೋಡಿದ. ಒಣಗಲ್ಲು, ಎರಡು ಲಾರಿ, ಒಂದು ನಾಯಿ.

“ಮದ್ದು ಹಾಕ್ಯಾರಲ್ರಿ ಯಜಮಾನ್ರ?”

“ಹಾಕಿರ್ಲಿ. ಡ್ಯಾಮಿನ ಆಳ ಹೆಚ್ಸೋ ಕಾರ್ಯಕ್ರಮ ಅದು. ಸೀಟಿ ಊದು, ಬಾವುಟ ಮಾತ್ರ ಬ್ಯಾಡ.”

ಇದರಲ್ಲಿ ಗೊಂದಲಕ್ಕೆ ಕಾರಣವಿಲ್ಲ. ಕ್ವಾರಿಯ ಗುತ್ತಿಗೆ ಮುಗಿದಿತ್ತು. ಗುತ್ತಿಗೆ ಮುಗಿದ ಮೇಲೆ ಗುಂಡಿ ಮುಚ್ಚಿ ಗಿಡ ನೆಡಬೇಕೆಂದು ನಿಯಮವಿತ್ತು. ಆದರೆ ಕುಬೇರಪ್ಪನವರಿಗೆ ನಾಡಿನ ನೀರಿನ ಚಿಂತೆ ಹತ್ತಿ ನಿದ್ದೆ ಬಾರದಾಗಿ, ತಮ್ಮ ಗುಂಡಿಯನ್ನು ಮುಂದೊಂದು ದಿನ ಸಾರ್ವಜನಿಕರಿಗೆ ನೀರು ಕೊಡುವ ಜಲಾಶಯವೆಂದು ಸ್ವೀಕರಿಸಬೇಕೆಂದು ಅರ್ಜಿ ಕೊಟ್ಟಿದ್ದರು. ಘಟಕವು ಒಪ್ಪಿತು. ಜಲಾಶಯವಾದ ಮೇಲೆ ಒಳಗಿರುವುದು ಹೂಳು ಎಂದಾಯಿತು. ಹೂಳು ತೆಗೆಯಲು ಗುತ್ತಿಗೆ ಬೇಡ, ರಾಜಧನ ಬೇಡ. ಕಲ್ಲು ಗಟ್ಟಿಯಾಗಿದ್ದುದರಿಂದ ಆದೇಶದಲ್ಲಿ ಅದನ್ನು ‘ಗಟ್ಟಿ ಹೂಳು’ ಎಂದು ಕರೆಯಲಾಯಿತು. ಮೂವತ್ತು ವರ್ಷದಲ್ಲಿ ಹೂಳು ತೆಗೆದು ಮುಗಿಯುವುದೆಂದೂ ಆಮೇಲೆ ನೀರು ತುಂಬಿಸುವ ಬಗ್ಗೆ ಸಮಿತಿ ರಚಿಸುವುದೆಂದೂ ತೀರ್ಮಾನವಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಆಡಿಕೊಳ್ಳುವವರಿಗೆ ಘಟಕದ ಉತ್ತರ ಸ್ಪಷ್ಟವಾಗಿತ್ತು: ಕುಲಾವಿ ಸಿದ್ಧವಿದ್ದರೆ ಕೂಸಿಗೇ ಅನುಕೂಲ.

ಗುಂಡಿಯ ಗೋಡೆಗೆ ಬಿಳಿ ಬಣ್ಣದಲ್ಲಿ ಸೊನ್ನೆಯಿಂದ ನೂರ ಇಪ್ಪತ್ತು ಅಡಿವರೆಗೆ ಅಳತೆ ಬರೆದರು. ಅಂಚಿನಲ್ಲಿ ಒಂದು ಫಲಕ ನಿಂತಿತು:

‘ಜಲಾಶಯದಲ್ಲಿ ಈಜುವುದು, ಮೀನು ಹಿಡಿಯುವುದು, ಎಮ್ಮೆ ಮೈ ತೊಳೆಯುವುದು ನಿಷೇಧಿಸಿದೆ. ಮುಳುಗಿದವರಿಗೆ ಘಟಕವು ಹೊಣೆಯಲ್ಲ.’

ಆ ಫಲಕ ನೆಟ್ಟ ದಿನದಿಂದ ಇಂದಿನವರೆಗೆ ಒಬ್ಬರೂ ಮುಳುಗಿಲ್ಲವೆಂಬುದು ಘಟಕದ ಹೆಮ್ಮೆ.

ಉಚ್ಚೆಂಗಪ್ಪನ ಹುದ್ದೆಯೂ ಬದಲಾಯಿತು. ಬಾವುಟ ಹೋಗಿ ಟೋಪಿ ಬಂತು. ಟೋಪಿಯ ಮೇಲೆ ‘ಮಟ್ಟ ವೀಕ್ಷಕ’ ಎಂದು ಬರೆದಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ನೀರಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು, ವಾರಕ್ಕೊಮ್ಮೆ ಮಂಡಿಪೇಟೆಗೆ ಒಯ್ದು ತೋರಿಸಬೇಕು. ಮೊದಲ ವಾರ ಅವನು ಏಳೂ ದಿನ ಪ್ರಾಮಾಣಿಕವಾಗಿ ‘ಇಲ್ಲ’ ಎಂದು ಬರೆದು ಒಯ್ದ.

ಮಂಡಿಪೇಟೆಯ ಆ ಕಚೇರಿಯಲ್ಲಿ ಎಲ್ಲರೂ ಸೀನುತ್ತಿದ್ದರು. ಕೆಳಗೆ ಅಂಗಡಿಯವರು ಮೆಣಸಿನಕಾಯಿ ಚೀಲ ಕೊಡವಿದಾಗಲೆಲ್ಲ ಘಾಟು ಮೆಟ್ಟಿಲೇರಿ ಬರುತ್ತಿತ್ತು. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ಎಲ್ಲರಿಗೂ ತಿಳಿದದ್ದೇ. ಆದ್ದರಿಂದ ಯಾರಾದರೂ ಒಮ್ಮೆ ಸೀನಿದರೆ, ಇನ್ನೊಂದು ಸೀನು ಬರುವವರೆಗೆ ಯಾವ ಕಡತಕ್ಕೂ ಸಹಿ ಬೀಳುತ್ತಿರಲಿಲ್ಲ. ಎರಡನೆಯ ಸೀನಿಗಾಗಿ ಹನ್ನೊಂದು ದಿನ ಕಾದ ಕಡತವೂ ಅಲ್ಲಿದೆ.

ಸಹಾಯಕ ಎಂಜಿನಿಯರ್ ನಾಗಭೂಷಣ್ ರಿಜಿಸ್ಟರ್ ಬಿಡಿಸಿ ನೋಡಿದರು.

“ಏನಪ ಇದು? ಇಲ್ಲ, ಇಲ್ಲ, ಇಲ್ಲ ಅಂತ ಬರ್ದಿಯಲ್ಲ?”

“ನೀರಿಲ್ಲಲ್ರಿ ಸಾಹೇಬ್ರ.”

“ನೀರು ಐತೋ ಇಲ್ಲೋ ಅಂತ ನಿನ್ನ ಯಾರು ಕೇಳಿದ್ರು? ಮಟ್ಟ ಎಷ್ಟು ಅಂತ ಕೇಳೈತೆ ಇಲ್ಲಿ. ಅಂಕಿ ಬೇಕು.”

“ಹಂಗಾರೆ ಸೊನ್ನೆ ಬರೀತೀನ್ರಿ.”

“ಸೊನ್ನೆ ಬರದ್ರೆ ಅದು ಜಲಾಶಯ ಹೆಂಗಾಗ್ತೈತಪ? ಗುಂಡಿ ಆಗ್ತೈತೆ. ಗುಂಡಿ ಆದ್ರೆ ಕುಬೇರಪ್ಪನೋರು ಮುಚ್ಚಬೇಕು. ಅವರ ಹೊಟ್ಟಿ ಮ್ಯಾಲೆ ಹೊಡೀತಿಯಾ?” ನಾಗಭೂಷಣ್ ದನಿ ತಗ್ಗಿಸಿದರು. “ಇದು ಭವಿಷ್ಯದ ಜಲಾಶಯ. ನಿರೀಕ್ಷಿತ ಮಟ್ಟ ಬರಿ.”

“ಎಷ್ಟು ನಿರೀಕ್ಷೆ ಮಾಡ್ಲಿರಿ?”

“ಅದು ನಿನ್ನ ಮನಸ್ಸಿಗೆ ಬಿಟ್ಟಿದ್ದು. ಸಿಬ್ಬಂದಿಯ ನಿರೀಕ್ಷೆಯೊಳಗೆ ಘಟಕ ಕೈ ಹಾಕಂಗಿಲ್ಲ.”

ಉಚ್ಚೆಂಗಪ್ಪ ಅತಿಯಾಸೆಯ ಮನುಷ್ಯನಲ್ಲ. ಮೊದಲ ದಿನ ಮೂರು ಅಡಿ ನಿರೀಕ್ಷಿಸಿದ. ಮರುದಿನ ಬೆಳಿಗ್ಗೆ ತಂಗಾಳಿ ಬೀಸಿದ್ದರಿಂದ ಮೂರೂವರೆ. ನಿರೀಕ್ಷೆಗೂ ಅಭ್ಯಾಸ ಬೇಕು ನೋಡಿ; ವಾರದಲ್ಲಿ ಅವನ ಕೈ ಪಳಗಿತು. ಹೆಂಡತಿ ಪುಟ್ಟಕ್ಕ ಒಳ್ಳೆ ಸಾರು ಮಾಡಿದ ದಿನ ಎರಡು ಅಡಿ ಏರುತ್ತಿತ್ತು, ಜಗಳವಾಡಿದ ದಿನ ಅಲ್ಲೇ ನಿಲ್ಲುತ್ತಿತ್ತು. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ನೇತ್ರಾವತಿ ಹೆಣ್ಣುಮಗು ಹೆತ್ತ ದಿನ, ಮೊಮ್ಮಗಳ ಮುಖ ನೋಡಿ ಬಂದವನೇ ಒಂದೇ ಏಟಿಗೆ ಹತ್ತು ಅಡಿ ಏರಿಸಿದ. ಯುಗಾದಿಯ ದಿನ ನಾಲ್ಕು ಹೋಳಿಗೆ ಉಂಡು, ತುಪ್ಪದ ಕೈ ಒರೆಸಿಕೊಂಡು, ‘ಅರವತ್ತೊಂದು’ ಎಂದು ದುಂಡಗೆ ಬರೆದ.

ನಾಡಿನ ಉಳಿದ ಜಲಾಶಯಗಳೆಲ್ಲ ಇಳಿಯುತ್ತಿದ್ದ ಆ ಬೇಸಿಗೆಯಲ್ಲಿ ಏರುತ್ತಿದ್ದದ್ದು ಬಂಡೆ ಕ್ಯಾಂಪ್ ಜಲಾಶಯ ಒಂದೇ. ಘಟಕವು ಹೆಮ್ಮೆಯಿಂದ ಪ್ರಕಟಣೆ ಹೊರಡಿಸಿತು. ಪ್ರಕಟಣೆಯನ್ನು ಓದಬೇಕಾದವರೆಲ್ಲ ಓದಿದರು. ಟ್ಯಾಂಕರ್ ಕಳಿಸುವ ವಿಭಾಗದವರೂ ಓದಿದರು.

ಬಂಡೆ ಕ್ಯಾಂಪಿನ ಅರವತ್ತು ಮನೆಗಳು ಬದುಕಿದ್ದದ್ದೇ ಟ್ಯಾಂಕರಿನಿಂದ. ಭಾನುವಳ್ಳಿ ಕಡೆ ಹರಿಯುವ ಕಾಲುವೆ ತಗ್ಗಿನಲ್ಲಿ, ಕ್ಯಾಂಪು ದಿಬ್ಬದಲ್ಲಿ. ಇದ್ದ ಎರಡು ಬೋರುಗಳು ಕ್ವಾರಿಯ ಸಿಡಿತಕ್ಕೆ ಹೆದರಿ ಎಂದೋ ಬಾಯಿ ಮುಚ್ಚಿದ್ದವು. ಹರಿಹರದ ಹೊಳೆಯಿಂದ ತುಂಬಿದ ಟ್ಯಾಂಕರ್ ದಿನ ಬಿಟ್ಟು ದಿನ ಬಂದು ಮನೆ ಬಾಗಿಲಲ್ಲೇ ಕೊಡ ತುಂಬಿಸಿ ಹೋಗುತ್ತಿತ್ತು. ಯುಗಾದಿಯಾದ ಮೂರನೆಯ ದಿನ ಟ್ಯಾಂಕರ್ ಬರಲಿಲ್ಲ, ಕಾಗದ ಬಂತು:

‘ಅರವತ್ತೊಂದು ಅಡಿ ನೀರಿರುವ ಜಲಾಶಯದ ದಂಡೆಯಲ್ಲಿ ವಾಸಿಸುವ ತಮಗೆ ಟ್ಯಾಂಕರ್ ಒದಗಿಸುವುದು ಜಲಾಶಯಕ್ಕೆ ಅವಮಾನ ಮಾಡಿದಂತಾಗುವುದರಿಂದ, ಸದರಿ ಸೌಲಭ್ಯವನ್ನು ಸಂತೋಷದಿಂದ ಹಿಂಪಡೆಯಲಾಗಿದೆ.’

ಮಗುವಿಗೆ ಅಂದು ಹದಿನೆಂಟು ದಿನ. ಬಾಣಂತಿಗೆ ದಿನಾ ಎಣ್ಣೆ ಹಚ್ಚಿ ಹಂಡೆ ತುಂಬ ಬಿಸಿನೀರು ಹೊಯ್ಯಬೇಕು, ಕೂಸಿಗೆ ಬೇರೆ. ಪುಟ್ಟಕ್ಕ ಎರಡೂವರೆ ಕಿಲೋಮೀಟರ್ ನಡೆದು ಕಾಲುವೆಯಿಂದ ಕೊಡ ಹೊತ್ತು ತಂದಳು. ಐದು ಸಲ ಹೋಗಿ ಬಂದರೂ ಹಂಡೆ ಅರ್ಧ ತುಂಬಲಿಲ್ಲ. ಸಂಜೆ ಹರಿಹರದಿಂದ ನೇತ್ರಾವತಿಯ ಅತ್ತೆ ಫೋನು ಮಾಡಿ, “ನೀರಿಲ್ಲಂತಲ್ಲ ಬೀಗ್ರ, ಭಾನುವಾರ ಬಂದು ಕರ್ಕಂಡು ಹೋಗ್ತೀವಿ ಬಿಡ್ರಿ. ನಮ್ಮಲ್ಲಿ ಹೊಳೆ ಐತೆ” ಎಂದರು. ಬಾಣಂತಿಯನ್ನು ಒಂದು ತಿಂಗಳೂ ಇಟ್ಟುಕೊಳ್ಳಲಾಗದ ತವರು ಅನ್ನಿಸಿಕೊಳ್ಳುವುದೆಂದರೆ ಏನೆಂದು ಹೆಣ್ಣು ಹೆತ್ತವರಿಗೇ ಗೊತ್ತು.

ಪುಟ್ಟಕ್ಕ ಬೈಯಲಿಲ್ಲ. ಅದೇ ಉಚ್ಚೆಂಗಪ್ಪನಿಗೆ ಭಯವಾದದ್ದು. ಅವಳು ಅವನ ಟೋಪಿಯನ್ನು, ಇದ್ದಷ್ಟು ನೀರು ಹೊಯ್ದು ಬರಿದಾದ ಹಂಡೆಯೊಳಗಿಟ್ಟು, “ನಿಮ್ಮ ಅರವತ್ತೊಂದು ಅಡಿಯೊಳಗೆ ಒಂದು ಕೊಡ ಇತ್ತ ಬರ್ಲಿ. ನಿಮ್ಮ ಮಗಳ ತಲಿ ಮ್ಯಾಲೆ ಹೊಯ್ತೀನಿ” ಎಂದಳು. ಅವನು ಟೋಪಿ ತೆಗೆದುಕೊಂಡು ಮರುದಿನ ಮೊದಲ ಬಸ್ಸಿಗೆ ದಾವಣಗೆರೆಗೆ ಹೋದ.

“ನನ್ನ ನಿರೀಕ್ಷೆ ತಪ್ಪಾಗೈತ್ರಿ ಸಾಹೇಬ್ರ. ಇಳಿಸ್ಕಳ್ರಿ” ಎಂದು ಕೈ ಮುಗಿದ.

ನಾಗಭೂಷಣ್ ಕುರ್ಚಿ ತೋರಿಸಿದರು. “ಕೂಡಪ. ಏರ್ಸೋದು ಸುಲಭ, ಇಳಿಸೋಕೆ ಕಾರಣ ಬೇಕು. ನೀರು ಎಲ್ಲಿಗೆ ಹೋತು ಅಂತ ಬರೀಬೇಕಲ್ಲ? ಸೋರಿ ಹೋತು ಅಂದ್ರೆ ವೀಕ್ಷಕ ನೀನೇ, ನಿನ್ನ ಮ್ಯಾಲೆ ವಿಚಾರಣೆ. ಆವಿ ಆತು ಅಂತ ತೋರಿಸ್ಬಹುದು. ಬೇಸಿಗೆಯೊಳಗೆ ದಿನಕ್ಕೆ ಒಂದು ಅಂಗುಲ ಆವಿಗೆ ಅವಕಾಶ ಐತೆ.” ಅವರು ಕ್ಯಾಲ್ಕ್ಯುಲೇಟರ್ ಒತ್ತಿದರು. “ಅರವತ್ತೊಂದು ಅಡಿ ಅಂದ್ರೆ ಏಳ್ನೂರ ಮೂವತ್ತೆರಡು ಅಂಗುಲ. ಎರಡು ವರ್ಷ ಎರಡು ದಿನದೊಳಗೆ ಪೂರ್ತಿ ಆವಿ ಆಗ್ತೈತೆ. ಆಮೇಲೆ ಟ್ಯಾಂಕರಿಗೆ ಅರ್ಜಿ ಹಾಕು.”

“ಅಲ್ಲೀ ತನಕ ಏನು ಕುಡಿಯೋದ್ರಿ?”

“ಅಲ್ಲೀ ತನಕ ಜಲಾಶಯದೊಳಗೆ ನೀರಿರ್ತೈತಲ್ಲಪ” ಎಂದರು ನಾಗಭೂಷಣ್, ಮಗುವಿಗೆ ತಿಳಿಹೇಳುವ ಸಮಾಧಾನದಿಂದ.

ಅಷ್ಟರಲ್ಲಿ ಘಟಕದ ಅಧ್ಯಕ್ಷರಾದ ಪರಶುರಾಮ್ ಸಾಹೇಬರು ಒಳಗೆ ಬಂದರು. ಅರವತ್ತು ಅಡಿ ದಾಟಿದ ಜಲಾಶಯಕ್ಕೆ ಅಧ್ಯಕ್ಷರು ಪತ್ನಿ ಸಮೇತ ಬಾಗಿನ ಬಿಡುವುದು ಸಂಪ್ರದಾಯವೆಂದೂ, ದೊಡ್ಡ ದೊಡ್ಡವರೆಲ್ಲ ಮಳೆಗಾಲದಲ್ಲಿ ಬಿಟ್ಟರೆ ತಾವು ಬೇಸಿಗೆಯಲ್ಲಿ ಬಿಡುವವರಾಗಬೇಕೆಂದೂ ಅವರಿಗೆ ಆಸೆ. ಶನಿವಾರಕ್ಕೆ ದಿನ ಗೊತ್ತುಮಾಡಿ ಸಹಿಗೆ ಪೆನ್ನು ಎತ್ತಿದರು. ಎತ್ತಿದ್ದೇ ತಡ, ಕೆಳಗೆ ಚೀಲ ಕೊಡವಿದರು. ಅಧ್ಯಕ್ಷರು ಸೀನಿದರು. ಒಂದೇ ಸೀನು.

ಪೆನ್ನು ಗಾಳಿಯಲ್ಲಿ ನಿಂತಿತು. ಕಚೇರಿಯೆಲ್ಲ ಎರಡನೆಯ ಸೀನಿಗಾಗಿ ಕಾಯಿತು. ಫ್ಯಾನು ತಿರುಗಿತು, ಚಹಾ ಆರಿತು, ಯಾರ ಮೂಗಿಗೂ ದಯೆ ಬರಲಿಲ್ಲ.

ಉಚ್ಚೆಂಗಪ್ಪನಿಗೆ ಆಗ ಬುದ್ಧಿ ಓಡಿತು. ಇವರು ಬಾಗಿನಕ್ಕೆಂದು ಬಂದರೆ ಗುಂಡಿಯನ್ನು ಕಣ್ಣಾರೆ ನೋಡುತ್ತಾರೆ. ನೋಡಿದರೆ ನೀರಿಲ್ಲವೆಂದು ಒಪ್ಪಲೇಬೇಕು. ಒಪ್ಪಿದರೆ ಟ್ಯಾಂಕರ್ ಬರುತ್ತದೆ, ಮಗಳು ಉಳಿಯುತ್ತಾಳೆ. ಅವನು ಮೆಲ್ಲಗೆ ಕಿಟಕಿಯ ಹತ್ತಿರ ಹೋಗಿ, ಸರಳಿನ ಮೇಲೆ ಕೂತಿದ್ದ ಮೆಣಸಿನಕಾಯಿ ಧೂಳನ್ನು ಬೆರಳಿಗೆ ಹಚ್ಚಿಕೊಂಡು ಮೂಗಿಗೆ ಹಿಡಿದ. ಬಂದ ಸೀನು ಕೆಳಗಿನ ಅಂಗಡಿಗೂ ಕೇಳಿತು. “ಶುಭ!” ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಸಹಿ ಬಿತ್ತು.

ಗುರುವಾರ ನಾಗಭೂಷಣ್ ಸ್ಥಳ ಪರಿಶೀಲನೆಗೆ ಬಂದರು. ಜಲಾಶಯವನ್ನು ಅವರು ಕಾಣುತ್ತಿದ್ದದ್ದು ಇದೇ ಮೊದಲು. ಅಂಚಿನಲ್ಲಿ ನಿಂತು ಬಹಳ ಹೊತ್ತು ಕೆಳಗೆ ನೋಡಿದರು. ಒಣಗಲ್ಲು, ಈಗ ಮೂರು ಲಾರಿ, ಅದೇ ನಾಯಿ.

“ನೀರು ಎಲ್ಲೈತಪ?”

“ನಿರೀಕ್ಷೆಯೊಳಗೈತ್ರಿ ಸಾಹೇಬ್ರ.”

ಈಗ ಒಪ್ಪುತ್ತಾರೆ, ಇನ್ನೇನು ಒಪ್ಪಿದರು ಎಂದುಕೊಂಡ ಉಚ್ಚೆಂಗಪ್ಪ. ನಾಗಭೂಷಣ್ ಮಾತ್ರ ಜೇಬಿನಿಂದ ಟೇಪು ತೆಗೆದು, “ಬಾಗಿನ ಇಡಾಕೆ ಸಮತಟ್ಟು ಕಲ್ಲು ಯಾವ್ದೈತೆ ನೋಡು. ಫೋಟೋದೊಳಗೆ ಕಾಲು ಮಾತ್ರ ಬರಂಗೆ ತೆಗೆಸಿದ್ರಾತು” ಎಂದರು. ಉಚ್ಚೆಂಗಪ್ಪ ಮಂಡಿಪೇಟೆಯಲ್ಲಿ ಮೆಣಸಿನಕಾಯಿ ಘಾಟು ಸೇದಿದ್ದು ದಂಡವಾಯಿತು.

ಕಾಲುವೆಯಿಂದ ಕೊಡ ಹೊತ್ತು ಬರುತ್ತಿದ್ದ ಪುಟ್ಟಕ್ಕ ಅಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ತುಂಬ ನಯವಾಗಿ ಹೇಳಿದಳು:

“ಸಾಹೇಬ್ರ, ನಂದೊಂದು ಮಾತು. ಒಣಗಲ್ಲಿನ ಮ್ಯಾಲೆ ಬಾಗಿನ ಬಿಟ್ರೆ ಬಿಟ್ಟೋರ ಮನಿ ಒಣಗ್ತೈತಂತೆ. ಗಂಡ ಹೆಂಡ್ತಿ ಇಬ್ರಿಗೂ ಕೇಡಂತೆ. ನೀವು ಓದಿದೋರು, ಹೆಂಗಾರ ಮಾಡ್ರಿ. ನಾ ಉಕ್ಕಡಗಾತ್ರಿ ಅಜ್ಜಯ್ಯನ ಹೆಸರು ಹೇಳಿ ಸುಮ್ನಾಗ್ತೀನಿ.”

ಹಾಗೆಂದು ಯಾರೂ ಎಲ್ಲೂ ಹೇಳುವುದಿಲ್ಲ. ಪುಟ್ಟಕ್ಕ ಆ ಕ್ಷಣ ಹೇಳಿದ್ದೇ ಮೊದಲು. ಆದರೆ ಅಧ್ಯಕ್ಷರ ಶ್ರೀಮತಿಯವರ ಕಿವಿಗೆ ಈ ಮಾತು ಬಿದ್ದರೆ ಏನಾದೀತೆಂದು ನಾಗಭೂಷಣ್‌ಗೆ ಗೊತ್ತಿತ್ತು. ಬಿದ್ದಾಗ ಅದೇ ಆಯಿತು. ಶುಕ್ರವಾರ ಬೆಳಗಾಗುವುದರೊಳಗೆ ಆದೇಶ ಹೊರಟಿತು: ಬಂಡೆ ಕ್ಯಾಂಪಿನಿಂದ ಹಿಂಪಡೆದ ಟ್ಯಾಂಕರ್‌ಗಳು ಖಾಲಿ ನಿಂತಿರುವುದರಿಂದ, ಅವುಗಳಿಂದ ಜಲಾಶಯಕ್ಕೆ ‘ಒಳಹರಿವು’ ಒದಗಿಸತಕ್ಕದ್ದು. ಟ್ಯಾಂಕರ್‌ಗಳೆಲ್ಲ ಕುಬೇರಪ್ಪನವರವೇ ಆಗಿದ್ದುದರಿಂದ ಏರ್ಪಾಡು ಚುರುಕಾಯಿತು.

ಹರಿಹರದ ಹೊಳೆಯಿಂದ ನಲವತ್ತು ಟ್ಯಾಂಕರ್ ನೀರು ಕ್ಯಾಂಪಿನ ಮುಖ್ಯ ಬೀದಿಯಲ್ಲೇ ಹಾದು, ಅರವತ್ತು ಮನೆಗಳ ಬಾಗಿಲು ದಾಟಿ, ಗುಡ್ಡ ಹತ್ತಿ, ಲಾರಿ ದಾರಿಯಲ್ಲಿ ಇಳಿದು ಗುಂಡಿಯ ತಳ ಸೇರಿತು. ದಾರಿಯಲ್ಲಿ ಕೊಡ ಹಿಡಿದು ನಿಂತವರಿಗೆ ನಾಗಭೂಷಣ್ ನಿಯಮ ತಿಳಿಸಿದರು: ಒಳಹರಿವನ್ನು ಮಧ್ಯದಲ್ಲಿ ತಡೆಯುವುದು ಅಪರಾಧ, ಜಲಾಶಯ ಸೇರಿದ ಮೇಲೆ ಅದು ಸಾರ್ವಜನಿಕರ ನೀರು.

ಶನಿವಾರ ಅಧ್ಯಕ್ಷ ದಂಪತಿಗಳು ಮೊಣಕಾಲುದ್ದ ನೀರಿಗೆ ಬಾಗಿನ ಬಿಟ್ಟರು. ಮೊರದಲ್ಲಿ ಬಳೆ, ಅರಿಶಿನ, ಕುಂಕುಮ, ರವಿಕೆ ಕಣ ಎಲ್ಲ ಕ್ರಮವಾಗಿದ್ದವು. ಪುರೋಹಿತರ ಮಂತ್ರದ ನಡುವೆ ಉಚ್ಚೆಂಗಪ್ಪ ಸೀಟಿ ಊದಿದ, ಮೇಲಿನ ಪದರದಲ್ಲಿ ಗಟ್ಟಿ ಹೂಳು ಸಿಡಿಯಿತು, ಬಂದವರು ಪಟಾಕಿಯೆಂದು ಚಪ್ಪಾಳೆ ತಟ್ಟಿದರು. ಅವರ ಕಾರುಗಳು ಗುಡ್ಡ ಇಳಿಯುವ ಮೊದಲೇ ಕ್ಯಾಂಪಿನ ಹೆಂಗಸರೆಲ್ಲ ಕೊಡದೊಂದಿಗೆ ಗುಂಡಿಗಿಳಿದಿದ್ದರು. ಅಂದು ಸಂಜೆ ಪುಟ್ಟಕ್ಕ ಕಲ್ಲಿನ ಪುಡಿ ಬೆರೆತ ನೀರನ್ನು ನಾಲ್ಕು ಪದರದ ಸೀರೆಯಲ್ಲಿ ಸೋಸಿ, ಹಂಡೆ ತುಂಬಿಸಿ ಕಾಯಿಸಿದಳು. ನೇತ್ರಾವತಿಯ ತಲೆಯ ಮೇಲೆ ನೀರು ಬೀಳುವ ಸದ್ದು ಹೊರಗೆ ಕೂತ ಉಚ್ಚೆಂಗಪ್ಪನಿಗೆ ಕೇಳಿಸಿತು. ಅವನಿಗೆ ಕಣ್ಣು ತುಂಬಿ ಬಂತು. ಹರಿಹರದ ಬೀಗರಿಗೆ ತಾನೇ ಫೋನು ಮಾಡಿ, “ಭಾನುವಾರ ಬರಬ್ಯಾಡ್ರಿ. ನಮ್ಮಲ್ಲಿ ಡ್ಯಾಮು ಐತೆ” ಎಂದ.

ನೀರು ಎಂಟು ದಿನ ಬಂತು. ಮುಂದೇನೆಂಬ ಚಿಂತೆ ಯಾರಿಗೂ ಹತ್ತಲಿಲ್ಲ, ಏಕೆಂದರೆ ಬಾಗಿನದ ದಿನವೇ ಪುಟ್ಟಕ್ಕ ಉಪಾಧ್ಯಕ್ಷರ ಹೆಂಡತಿಯ ಪಕ್ಕ ನಿಂತು, “ನಿಮ್ದು ಯಾವಾಗವ್ವ ಬಾಗಿನ?” ಎಂದಷ್ಟೇ ಕೇಳಿದ್ದಳು. ಮುಂದಿನ ವಾರ ಮತ್ತೆ ನಲವತ್ತು ಟ್ಯಾಂಕರ್ ಸುರಿಸಿ ಉಪಾಧ್ಯಕ್ಷರು ಬಿಟ್ಟರು. ಅವರಾದ ಮೇಲೆ ನಿಕಟಪೂರ್ವ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ಮುಂದೆ ಅಧ್ಯಕ್ಷರಾಗಲಿರುವವರು, ಆಗಬೇಕೆಂದಿರುವವರು. ನೂಕುನುಗ್ಗಲಾಗದಿರಲೆಂದು ಘಟಕವು ಬಾಗಿನಕ್ಕೆ ಅರ್ಹರಾದ ನೂರ ಹದಿನಾಲ್ಕು ಮಂದಿಯ ಜ್ಯೇಷ್ಠತಾ ಪಟ್ಟಿ ಪ್ರಕಟಿಸಿ, ಸೋಮವಾರ ಮತ್ತು ಗುರುವಾರಗಳನ್ನು ನಿಗದಿ ಮಾಡಿತು. ಆಕ್ಷೇಪಣೆಗಳು ಬಂದವು, ಎಲ್ಲವೂ ಕ್ರಮಸಂಖ್ಯೆಯ ಬಗ್ಗೆ.

ಜುಲೈನಲ್ಲಿ ಮಳೆ ಬಂದು ಗುಂಡಿಯಲ್ಲಿ ತಾನಾಗಿಯೇ ಎಂಟು ಅಡಿ ನೀರು ನಿಂತಿತು. ಇದು ಸಣ್ಣ ತೊಡಕಾಯಿತು. ಆ ನೀರು ಯಾವ ಆದೇಶದ ಮೇಲೂ ಬಂದಿರಲಿಲ್ಲ, ಗಟ್ಟಿ ಹೂಳು ತೆಗೆಯಲು ಅಡ್ಡಿಯೂ ಆಗಿತ್ತು. ಅದನ್ನು ‘ಅನಧಿಕೃತ ಒಳಹರಿವು’ ಎಂದು ಘೋಷಿಸಿ, ಮೂರು ಪಂಪು ಹಚ್ಚಿ ಗುಡ್ಡದ ಆಚೆಗೆ ಹೊರಹಾಕಲಾಯಿತು. ಪಂಪು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಂಡವನು ಉಚ್ಚೆಂಗಪ್ಪನೇ. ಕೆಲಸದಲ್ಲಿ ಅವನು ಎಂದೂ ಲೋಪ ಮಾಡಿದವನಲ್ಲ.

ಈಗ ಮೊಮ್ಮಗಳಿಗೆ ಒಂದು ವರ್ಷ ದಾಟಿದೆ. ನೇತ್ರಾವತಿ ಐದು ತಿಂಗಳು ತುಂಬಿಸಿಕೊಂಡೇ ಗಂಡನ ಮನೆಗೆ ಹೋದಳು. ತವರಿನ ಮರ್ಯಾದೆ ಉಳಿಯಿತು. ಕ್ಯಾಂಪಿನ ಪ್ರತಿ ಮನೆಯಲ್ಲೂ ಬಾಗಿನದ ಹತ್ತಾರು ಮೊರಗಳಿವೆ. ಕೋಳಿಗೂಡಿಗೆ ಮಾಡು, ಎತ್ತಿನ ಕೊಟ್ಟಿಗೆಗೆ ಬಾಗಿಲು ಎಲ್ಲ ಅವುಗಳದ್ದೇ. ಗುಂಡಿ ಇನ್ನೂ ಹನ್ನೊಂದು ಅಡಿ ಆಳವಾಗಿದ್ದರಿಂದ, ಗೋಡೆಯ ಮೇಲಿನ ಅಳತೆಯನ್ನು ಸೊನ್ನೆಯ ಕೆಳಗೂ ಮುಂದುವರಿಸಿದ್ದಾರೆ. ಹೆಂಗಸರು ಕೊಡ ಹೊತ್ತು ಗುಂಡಿಯ ಗೋಡೆಗೆ ಕಡಿದ ನೂರ ನಲವತ್ತು ಮೆಟ್ಟಿಲು ಹತ್ತುತ್ತಾರೆ. ಪುಟ್ಟಕ್ಕನ ಮೊಣಕಾಲು ಮೊದಲಿನಂತಿಲ್ಲ.

ಕಳೆದ ಗುರುವಾರ, ಪಟ್ಟಿಯ ತೊಂಬತ್ತೆಂಟನೆಯವರ ಬಾಗಿನದ ದಿನ, ನೌಮಾನ್ ಎಂಬ ಹೊಸ ಡ್ರೈವರ್ ಟ್ಯಾಂಕರ್ ತಂದ. ಉಚ್ಚೆಂಗಪ್ಪನ ಮನೆಯ ಮುಂದೆ ಗಾಡಿ ನಿಧಾನ ಮಾಡಿ, ಕಟ್ಟೆಯ ಮೇಲೆ ಸಾಲಾಗಿಟ್ಟ ಖಾಲಿ ಕೊಡಗಳನ್ನೂ ಗುಡ್ಡದ ದಾರಿಯನ್ನೂ ನೋಡಿ, ತಲೆ ಹೊರಗೆ ಹಾಕಿದ.

“ಚಾಚಾ, ಒಂದು ಮಾತು ಕೇಳ್ತೀನಿ, ಬೇಜಾರಾಗ್ಬ್ಯಾಡ್ರಿ. ನೀರು ನಿಮ್ಮ ಬಾಗಿಲ ಮುಂದ್ಲಿಂದಾನೇ ಹೋಗ್ತೈತೆ. ಅಲ್ಲಿ ಸುರುವಿ, ಮತ್ತೆ ಇವರು ಹೊತ್ಕಂಡು ಬರೋದು ಯಾಕ? ಪೈಪ್ ಬಿಡ್ತೀನಿ, ಇಲ್ಲೇ ತುಂಬ್ಸ್ಕಳ್ರಿ.”

ಉಚ್ಚೆಂಗಪ್ಪನಿಗೆ ಒಂದು ಕ್ಷಣ, ಒಂದೇ ಕ್ಷಣ, ಹಳೆಯ ದಿನಗಳ ಪೈಪಿನ ಸದ್ದು ಕೇಳಿದಂತಾಯಿತು. ಹೆಂಡತಿಯ ಮೊಣಕಾಲಿನ ಕಡೆ ನೋಡಿದ. ಆಮೇಲೆ ಟೋಪಿ ಸರಿಮಾಡಿಕೊಂಡ.

“ಹಂಗೆಲ್ಲ ಬಾಗ್ಲಿಗೆ ಕೊಟ್ರೆ ಡ್ಯಾಮಿನ ಮಟ್ಟ ಇಳೀತೈತಪ” ಎಂದ.

ಹೊಸಬನ ಅಜ್ಞಾನಕ್ಕೆ ಕ್ಯಾಂಪಿನವರು ಪರಸ್ಪರ ಮುಖ ನೋಡಿಕೊಂಡು ನಕ್ಕರು. ಪುಟ್ಟಕ್ಕ ಮಾತ್ರ ನಗಲಿಲ್ಲ. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೊಣಕಾಲಿಗೆ ಕೈಯೂರಿ ಎದ್ದು, ಕೊಡವನ್ನು ಸೊಂಟಕ್ಕೇರಿಸಿಕೊಂಡು,

“ಟ್ಯಾಂಕರ್ ನೀರು ಕುಡಿಯೋರಲ್ಲಪ್ಪ ನಾವು. ನಮ್ದು ಡ್ಯಾಮಿನ ನೀರು. ನೀ ಮುಂದೆ ನಡಿ, ಹಿಂದೇ ಬರ್ತೀವಿ” ಎಂದಳು.

ನೌಮಾನ್ ತಪ್ಪಾಯಿತೆಂದು ಗಾಡಿ ಮುಂದೆ ಬಿಟ್ಟ. ಹಿಂದೆ ಕೊಡಗಳ ಸಾಲು ಗುಡ್ಡ ಹತ್ತತೊಡಗಿತು. ಉಚ್ಚೆಂಗಪ್ಪ ಕಟ್ಟೆಯ ಮೇಲೆ ರಿಜಿಸ್ಟರ್ ಬಿಡಿಸಿ, ಇಂದಿನ ಮಟ್ಟ ನೂರ ಹದಿನೆಂಟು ಅಡಿ ಎಂದು ಬರೆದು, ಸೀಟಿ ಹಿಡಿದು ಅವರ ಹಿಂದೆ ಹೊರಟ.